ಓಡಿಸಿದರೆ ಬೆಲೆ ಹೋಗುತ್ತದೆ ಅಂದರು, 58 ಸಾವಿರ ಕಿ.ಮೀ. ಓಡಿಸಿ ಮಾರಿದೆ

ಕೊನೆಗೂ ನನ್ನ ಪೋರ್ಷೆ 996 (911 ಸ್ಪೋರ್ಟ್ಸ್ ಕಾರಿನ ಒಂದು ತಲೆಮಾರು) ಮಾರಿದೆ. ಎಂಟು ವರ್ಷ ನನ್ನ ಹತ್ತಿರ ಇತ್ತು. ಆ ಎಂಟು ವರ್ಷದಲ್ಲಿ ಹತ್ತಿರ ಹತ್ತಿರ 58 ಸಾವಿರ ಕಿ.ಮೀ. ಓಡಿಸಿದೆ. ಕೊಂಡಾಗ ಜೊತೆಯವರೆಲ್ಲ ಹೇಳಿದ್ದು ಒಂದೇ ಮಾತು: "ಓಡೋಮೀಟರ್ ತಿರುಗಿದಷ್ಟೂ ನಿನ್ನ ದುಡ್ಡು ಕರಗುತ್ತೆ. ಹೊದಿಕೆ ಹಾಕಿ ನಿಲ್ಲಿಸು." ನಾನು ಕೇಳಲಿಲ್ಲ. ಈಗ ಲೆಕ್ಕ ಕೈಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಲೆಕ್ಕ ಸುಲಭವಾಗಲಿ ಅಂತ 996 ಕೊಂಡ ಬೆಲೆಯನ್ನು 100 ಅಂತ ಇಟ್ಟುಕೊಳ್ಳೋಣ. ಮಾರಿದ್ದು 155ಕ್ಕೆ. ನಡುವೆ ರಿಪೇರಿ, ಟೈರು, ಎಣ್ಣೆ, ವಿಮೆ ಎಲ್ಲ ಸೇರಿ 68ರ ಆಸುಪಾಸು ಹೋಯಿತು. ಪೆಟ್ರೋಲ್ ಸೇರಿಸಿಲ್ಲ, ಅದು ಓಡಿಸಿದ ಖುಷಿಯ ಬೆಲೆ. ಅಂದರೆ ಎಂಟು ವರ್ಷಕ್ಕೆ ಕೈ ಬಿಟ್ಟಿದ್ದು 13. ಲಾಭ ಅಂತ ಹೇಳುತ್ತಿಲ್ಲ. ಆದರೆ ಎಷ್ಟೋ ಹೊಸ ಸಾದಾ ಕಾರುಗಳು ತಮ್ಮ ಬೆಲೆಯಲ್ಲಿ ಮೊದಲ ವರ್ಷದಲ್ಲೇ ಇದಕ್ಕಿಂತ ಜಾಸ್ತಿ ಪಾಲು ಕಳೆದುಕೊಳ್ಳುತ್ತವೆ, ಅಲ್ವಾ?

ಈ ದಾರಿಗೆ ಬರುವ ಮೊದಲು ನಾನೂ ಹೊದಿಕೆ ಹಾಕಿದವನೇ. ಮೊದಲ ಕಾರು ಇಟಲಿಯ ಮಿಡ್-ಎಂಜಿನ್ ವಿ8, ಅಂದರೆ ಸೀಟಿನ ಹಿಂದೆಯೇ ಎಂಟು ಸಿಲಿಂಡರ್ ಎಂಜಿನ್. 14 ಸಾವಿರ ಕಿ.ಮೀ. ಮಾತ್ರ ಓಡಿತ್ತು. ಈ 996ಗೆ ಕೊಟ್ಟಿದ್ದರ ಮೂರು ಪಟ್ಟು ಕೊಟ್ಟು ತಂದಿದ್ದೆ. ಆರು ವರ್ಷ ಇಟ್ಟುಕೊಂಡೆ, ಓಡಿಸಿದ್ದು 1,900 ಕಿ.ಮೀ. ಒಂದು ಕಲ್ಲು ಹಾರಿ ಬಂಪರ್‌ಗೆ ತಾಗಿದರೆ ಅವತ್ತು ನಿದ್ದೆ ಬರುತ್ತಿರಲಿಲ್ಲ. ಮೋಡ ಕಂಡರೆ ಹೊರಗೆ ತೆಗೆಯುತ್ತಿರಲಿಲ್ಲ. ಪಾರ್ಕಿಂಗ್ ಜಾಗ ಹೇಗಿದೆಯೋ ಅಂತ ಎಷ್ಟೋ ಪ್ರಯಾಣ ಕೈಬಿಟ್ಟಿದ್ದೇನೆ.

ಅಲ್ಲಿ ಮಾಡಿದ ದೊಡ್ಡ ತಪ್ಪು ಇದು. ಹದಿನೈದು ದಿನಕ್ಕೊಮ್ಮೆ ಗ್ಯಾರೇಜಿನಲ್ಲೇ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡುತ್ತಿದ್ದೆ. ಕಾರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಅಂತಲೇ ನಂಬಿದ್ದೆ. ಅಷ್ಟರಲ್ಲಿ ಎಣ್ಣೆ ಸರಿಯಾಗಿ ಬಿಸಿ ಆಗುವುದಿಲ್ಲ. ಉರಿದ ಪೆಟ್ರೋಲಿನಿಂದ ಬಂದ ನೀರು ಆವಿಯಾಗಿ ಹೋಗದೆ ಎಣ್ಣೆಯಲ್ಲಿ, ಸೈಲೆನ್ಸರ್ ಒಳಗೆ ಕೂತುಬಿಡುತ್ತದೆ. ಮೂರನೇ ವರ್ಷ ಎಣ್ಣೆ ತುಂಬುವ ಮುಚ್ಚಳ ತೆಗೆದರೆ ಒಳಗೆ ಕೆನೆ ಬಣ್ಣದ ಜಿಡ್ಡು. ಸೈಲೆನ್ಸರ್ ಒಳಗಿನಿಂದಲೇ ತುಕ್ಕು ಹಿಡಿದಿತ್ತು. ಕ್ಲಚ್ ಹೈಡ್ರಾಲಿಕ್ ಸೀಲ್ ಒಣಗಿ ಸೋರಿತು. ಟೈರಿನ ಪಟ್ಟಿಗಳು ಹೊಸದರಂತೆ ಇದ್ದವು, ಆದರೆ ತಯಾರಾದ ವಾರ, ವರ್ಷ ಹೇಳುವ ಪಕ್ಕದ ನಾಲ್ಕು ಅಂಕಿ ನೋಡಿದರೆ ಏಳು ವರ್ಷ ದಾಟಿತ್ತು. ಕಲ್ಲಿನಂತೆ ಗಟ್ಟಿಯಾಗಿದ್ದ ನಾಲ್ಕನ್ನೂ ಎಸೆದೆ.

ಇನ್ನು ಟೈಮಿಂಗ್ ಬೆಲ್ಟ್, ಎಂಜಿನ್ ಒಳಗಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಬೆಲ್ಟ್. ಬೆಲ್ಟಿಗೆ ಕಿ.ಮೀ. ಒಂದೇ ಲೆಕ್ಕವಲ್ಲ, ವರ್ಷದ ಲೆಕ್ಕವೂ ಇದೆ. ನಿಂತಲ್ಲೇ ಹಳೆಯದಾಗುತ್ತದೆ. ಆ ಕಾರಿನಲ್ಲಿ ಬೆಲ್ಟ್ ಬದಲಿಸಲು ಇಡೀ ಎಂಜಿನ್ ಕೆಳಗಿಳಿಸಬೇಕು. ಎಂಜಿನ್ ಇಳಿಸಿದ ಮೇಲೆ "ಇದೂ ಮಾಡಿಬಿಡೋಣ, ಅದೂ ಮಾಡಿಬಿಡೋಣ" ಅಂತ ಬಿಲ್ ಬೆಳೆಯುತ್ತದೆ. ಆ ಕಾರಿನ ಬೆಲೆಯನ್ನು 100 ಅಂದರೆ, ಆರು ವರ್ಷದ ಒಟ್ಟು ಖರ್ಚು 41. ಅದರಲ್ಲಿ ಸುಮಾರು 19 ಈ ಒಂದೇ ಕೆಲಸಕ್ಕೆ ಹೋಯಿತು. ಮಾರಲು ಹೊರಟಾಗ ಮತ್ತೆ ಬೆಲ್ಟಿನ ಸಮಯ ಬಂದಿತ್ತು. ಬಂದವರೆಲ್ಲ ಕೇಳಿದ್ದು, "ಇಷ್ಟು ಕಡಿಮೆ ಯಾಕೆ ಓಡಿದೆ? ಏನು ತೊಂದರೆ?" 112 ಸಿಕ್ಕಿತು. ಅಂದರೆ 29 ನಷ್ಟ. 996ರ ಅಳತೆಯಲ್ಲಿ ಹೇಳಿದರೆ 87. ಒಂದೊಂದು ಕಿ.ಮೀ.ಗೆ ಎಷ್ಟು ಬಿತ್ತು ಅಂತ ಎರಡೂ ಕಾರನ್ನು ಹೋಲಿಸಿ ನೋಡಿ. ಹತ್ತಿರ ಹತ್ತಿರ 200 ಪಟ್ಟು ವ್ಯತ್ಯಾಸ. ಮೊದಲ ಸಲ ಕ್ಯಾಲ್ಕುಲೇಟರ್ ತಪ್ಪಾಯಿತು ಅಂದುಕೊಂಡು ಇನ್ನೊಮ್ಮೆ ಒತ್ತಿದೆ.

ನಡುವೆ ಇನ್ನೊಂದು ಕಾರು ಬಂದು ಹೋಯಿತು. ಬಣ್ಣದ ದಪ್ಪ ಅಳೆಯುವ ಪೇಂಟ್ ಗೇಜ್ ಮನೆಯಲ್ಲೇ ಬಿಟ್ಟು ನೋಡಲು ಹೋಗಿದ್ದೆ. ಹಿಂದಿನ ಎಡ ಭಾಗಕ್ಕೆ ಪೂರ್ತಿ ಹೊಸ ಬಣ್ಣ ಹೊಡೆದಿದ್ದರು. ಒಂದೇ ವರ್ಷದಲ್ಲಿ ನಷ್ಟಕ್ಕೆ ಕೊಟ್ಟೆ. ಇಷ್ಟೇ ಸಾಕು ಅದರ ಬಗ್ಗೆ.

ಈಗ 996ರ ವಿಷಯ. ಗಾಳಿ ತಂಪಿನ 911 ಸರಣಿ 993ರ ಜೊತೆ 1998ರಲ್ಲಿ ಮುಗಿಯಿತು. ನೀರು ತಂಪಿನ 996 ಬಂದಾಗಿನಿಂದ ಜನ ಅದನ್ನು ಬೈದರು. ಪೋರ್ಷೆಯದೇ ಅಗ್ಗದ ಬಾಕ್ಸ್‌ಸ್ಟರ್ ಜೊತೆ ಹಂಚಿಕೊಂಡ ಹೆಡ್‌ಲೈಟ್ ಬೈದರು, ಒಳಗಿನ ಪ್ಲಾಸ್ಟಿಕ್ ಬೈದರು, ಮುರಿದರೆ ಎಂಜಿನ್ನೇ ಹಾಳಾಗುವ ಐಎಂಎಸ್ ಬೇರಿಂಗ್ (ಎಂಜಿನ್ ಒಳಗಿನ ಮಧ್ಯದ ದಂಡದ ಬೇರಿಂಗ್) ಹೆಸರು ಹೇಳಿ ಹೆದರಿಸಿದರು. ಈ ಬೇರಿಂಗ್ ತೊಂದರೆ ಇಲ್ಲದ ಮೆಟ್ಸ್‌ಗರ್ ಎಂಜಿನ್ ಇರುವ 996 ಟರ್ಬೊ, ಜಿಟಿ3 ಬೆಲೆ ಹಿಡಿದು ನಿಂತವು. ಸಾದಾ ಕರೆರಾ ಮಾತ್ರ ನೆಲ ಕಚ್ಚಿತು. ನನಗೆ ಬೇಕಾಗಿದ್ದೂ ಅದೇ. ಬೀಳಬೇಕಾದಷ್ಟು ಬಿದ್ದಾಗಿರುವ ಕಾರು, ಓಡಿಸಿದರೆ ಮನಸ್ಸು ತುಂಬುವ ಕಾರು.

ನಾನು ಕೊಂಡಿದ್ದು 1999ರ 3.4 ಲೀಟರ್ ಕರೆರಾ. ಮ್ಯಾನುಯಲ್ ಗೇರ್, ಕೇಬಲ್ ಥ್ರಾಟಲ್ (ಆಕ್ಸಿಲರೇಟರ್‌ಗೆ ನೇರ ತಂತಿ). ಆಗಲೇ 1 ಲಕ್ಷ 12 ಸಾವಿರ ಕಿ.ಮೀ. ಓಡಿತ್ತು. ಇದೇ ಬೆಲೆಯ ಹತ್ತಿರಕ್ಕೆ 60 ಸಾವಿರ ಓಡಿದ್ದೂ ಒಂದಿತ್ತು, ಆದರೆ ಅದರ ಜೊತೆ ಎರಡೇ ಎರಡು ಬಿಲ್. ಇದರ ಜೊತೆ ದಪ್ಪ ಫೈಲ್. ಫೈಲ್ ಕೊಂಡೆ, ಕಾರು ಜೊತೆಗೆ ಬಂತು ಅಂತ ಈಗಲೂ ಹೇಳುತ್ತೇನೆ. ಲಕ್ಷ ದಾಟಿದ ಕಾರಿಗೆ ಇನ್ನೊಂದು 58 ಸಾವಿರ ಸೇರಿದರೆ ಕೊಳ್ಳುವವರು ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. 14 ಸಾವಿರ ಓಡಿದ ಕಾರಿಗೆ ಇಷ್ಟೇ ಸೇರಿಸಿದ್ದರೆ ಅದರ ವಿಶೇಷವೇ ಹೋಗುತ್ತಿತ್ತು.

ಕೊಳ್ಳುವ ಮೊದಲು ಬೋರ್‌ಸ್ಕೋಪ್ (ಸಣ್ಣ ಕ್ಯಾಮೆರಾ) ಇಳಿಸಿ ಸಿಲಿಂಡರ್ ಗೋಡೆ ನೋಡಿದೆ, ಗೀರು ಇರಲಿಲ್ಲ. ಲೀಕ್-ಡೌನ್, ಅಂದರೆ ಸಿಲಿಂಡರ್‌ಗೆ ತುಂಬಿದ ಗಾಳಿ ಎಷ್ಟು ಸೋರುತ್ತದೆ ಅನ್ನುವ ಪರೀಕ್ಷೆ, ಆರೂ ಸಿಲಿಂಡರ್‌ನಲ್ಲಿ ಶೇ. 4ರಿಂದ 6; ಕಡಿಮೆ ಇದ್ದಷ್ಟೂ ಒಳ್ಳೆಯದು. ಮಾರುವವನಿಗೆ ಫೋನಿನಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ, ಅದರ ಉತ್ತರದಲ್ಲೇ ಕಾರು ನೋಡಲು ಹೋಗಬೇಕೋ ಬೇಡವೋ ಗೊತ್ತಾಗುತ್ತದೆ. ಆ ಪ್ರಶ್ನೆ ಇಲ್ಲಿ ಬರೆಯುವುದಿಲ್ಲ. ಅದನ್ನು ಕಲಿಯಲು ನನಗೆ ಎರಡು ಕಾರು ಬೇಕಾಯಿತು.

ಮೊದಲ ವರ್ಷವೇ ಗೇರ್‌ಬಾಕ್ಸ್ ಇಳಿಸಿ ಕ್ಲಚ್, ಐಎಂಎಸ್ ಬೇರಿಂಗ್, ಹಿಂದಿನ ಮೇನ್ ಸೀಲ್ ಮೂರನ್ನೂ ಒಟ್ಟಿಗೆ ಬದಲಿಸಿದೆ. 996 ಬೆಲೆ 100 ಅನ್ನುವ ಲೆಕ್ಕದಲ್ಲೇ 17 ಹೋಯಿತು. ತೆಗೆದ ಹಳೆಯ ಬೇರಿಂಗನ್ನು ಬೆರಳಲ್ಲಿ ತಿರುಗಿಸಿದರೆ ನುಣ್ಣಗೆ ತಿರುಗಿತು. ಸುಮ್ನೆ ದುಡ್ಡು ಹಾಳು ಅಂದವರು ಇದ್ದರು. ಆದರೆ ಮಾರುವಾಗ ಎಲ್ಲರೂ ಮೊದಲು ಕೇಳಿದ್ದು ಅದೊಂದೇ ಬಿಲ್. ಡ್ಯಾಂಪರ್ ಮತ್ತು ಸಸ್ಪೆನ್ಷನ್ ಆರ್ಮ್‌ಗಳಿಗೆ 14ರ ಹತ್ತಿರ. ವಾಟರ್ ಪಂಪ್, ಕೂಲೆಂಟ್ ಟ್ಯಾಂಕ್ ಸಣ್ಣ ಖರ್ಚು. ಮಿಕ್ಕಿದ್ದು ವಿಮೆ, ಎರಡು ಜೊತೆ ಟೈರು, ವರ್ಷದ ಸರ್ವಿಸ್. ವಿಮೆ ಮಾತ್ರ ಮೊದಲೇ ಒಪ್ಪಿದ ಬೆಲೆಗೆ ಮಾಡಿಸಿದ್ದೆ, ಎರಡು ವರ್ಷಕ್ಕೊಮ್ಮೆ ಆ ಬೆಲೆ ಏರಿಸುತ್ತಿದ್ದೆ. ಎಣ್ಣೆ 8 ಸಾವಿರ ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಪ್ರತಿ ಸಲ ಫಿಲ್ಟರ್ ಕತ್ತರಿಸಿ, ಮಡಿಕೆ ಬಿಡಿಸಿ, ಲೋಹದ ಚೂರು ಇದೆಯಾ ನೋಡಿ ಫೋಟೋ ತೆಗೆದೆ. ಎಂಟು ವರ್ಷದ ಫೋಟೋ ಸಾಲಾಗಿ ಇಟ್ಟರೆ ಅದಕ್ಕಿಂತ ಒಳ್ಳೆಯ ಜಾಹೀರಾತು ಬೇರೆ ಬೇಡ.

ಓಡಿಸುವುದಕ್ಕೂ ಒಂದು ನಿಯಮ ಇತ್ತು. ಹೊರಗೆ ತೆಗೆದರೆ ಕಡಿಮೆ ಅಂದರೂ 40 ನಿಮಿಷ. 996ರಲ್ಲಿ ಎಣ್ಣೆಯ ಬಿಸಿ ತೋರಿಸುವ ಗೇಜ್ ಇಲ್ಲ. ನೀರಿನ ಮುಳ್ಳು ಬೇಗ ಏರಿ ನಿಲ್ಲುತ್ತದೆ, ಎಣ್ಣೆಗೆ ಇನ್ನೂ ಹತ್ತು ನಿಮಿಷ ಬೇಕು. ಅಲ್ಲಿಯವರೆಗೆ 3 ಸಾವಿರ ಆರ್‌ಪಿಎಂ ದಾಟಿಸುತ್ತಿರಲಿಲ್ಲ. ಆಮೇಲೆ ಮಾತ್ರ ಪೂರ್ತಿ ಕಾಲು. 4 ಸಾವಿರದ ಮೇಲೆ ಆ ಫ್ಲಾಟ್-ಸಿಕ್ಸ್ (ಅಡ್ಡ ಮಲಗಿಸಿದ ಆರು ಸಿಲಿಂಡರ್ ಎಂಜಿನ್) ದನಿ ಬದಲಿಸುವ ಕ್ಷಣ ಇದೆಯಲ್ಲ, ಎಂಟು ವರ್ಷದಲ್ಲಿ ಒಮ್ಮೆಯೂ ಹಳತಾಗಲಿಲ್ಲ. ಮುಂದೆ ಭಾರ ಕಡಿಮೆ, ಸ್ಟೀರಿಂಗ್ ಹೈಡ್ರಾಲಿಕ್. ರಸ್ತೆಯ ಒಂದೊಂದು ಉಬ್ಬೂ ಅಂಗೈಗೆ ಬರುತ್ತದೆ. ಬಂಪರ್ ತುಂಬ ಕಲ್ಲಿನ ಗುರುತು ಮೊದಲೇ ಇದ್ದವು. ಹಾಗಾಗಿ ಹೊಸದೊಂದು ಬಿದ್ದರೆ ಬೇಜಾರೇ ಆಗಲಿಲ್ಲ.

ಕೆಲವು ಪ್ರಯೋಗವನ್ನೂ ಮಾಡಿದೆ. ಕಾರು ಎರಡು ತಿಂಗಳು ನಿಲ್ಲಬೇಕಾದಾಗ ಒಮ್ಮೆ ಹೊದಿಕೆ ಹಾಕಿದೆ, ಇನ್ನೊಮ್ಮೆ ಹಾಕಲಿಲ್ಲ. ಹೊದಿಕೆ ಹಾಕಿದಾಗ ಬಣ್ಣದ ಮೇಲೆ ಸಣ್ಣ ಸುತ್ತುಗೀರು ಬಿತ್ತು, ಒಳಗೆ ತೇವವೂ ನಿಂತಿತು. ಅದಾದ ಮೇಲೆ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರುವ ಯಂತ್ರ) ತಂದು ಗ್ಯಾರೇಜಿನ ತೇವಾಂಶ ಶೇ. 50-55ಕ್ಕೆ ಹಿಡಿದೆ, ಬ್ಯಾಟರಿಗೆ ನಿಧಾನವಾಗಿ ತುಂಬುವ ಟ್ರಿಕಲ್ ಚಾರ್ಜರ್ ಹಾಕಿದೆ. ಇದರಷ್ಟು ಉಪಯೋಗಕ್ಕೆ ಬಂದ ಖರ್ಚು ಬೇರೆ ಇಲ್ಲ. ಟೈರ್ ಕೆಳಗೆ ಇಡುವ ದುಬಾರಿ ಮೆತ್ತೆ ಕೊಂಡೆ, ವ್ಯತ್ಯಾಸ ಕಾಣಲಿಲ್ಲ. ಗಾಳಿ ಸ್ವಲ್ಪ ಜಾಸ್ತಿ ತುಂಬಿದರೆ ಅದೇ ಕೆಲಸ ಆಗುತ್ತದೆ. 18 ಇಂಚಿನ ಚಕ್ರ ತೆಗೆದು 17 ಹಾಕಿ ನೋಡಿದೆ. ಕಾರು ಇನ್ನೂ ಹಗುರವಾಗಿ ತಿರುಗಿತು, ಹಾಗೇ ಬಿಟ್ಟೆ. ಮೂಲ ಚಕ್ರ, ಮೂಲ ಸೈಲೆನ್ಸರ್, ಮೂಲ ರೇಡಿಯೋ ಎಲ್ಲ ಸುತ್ತಿ ಇಟ್ಟಿದ್ದೆ. ಮಾರುವಾಗ ಅವುಗಳೇ 8-9 ಜಾಸ್ತಿ ತಂದುಕೊಟ್ಟವು ಅಂತ ನನ್ನ ಅಂದಾಜು.

ನಿಲ್ಲಿಸಿದ ಕಾರಿಗೆ ಬೆಲೆಯೇ ಇಲ್ಲ ಅಂತ ನಾನು ಹೇಳುವುದಿಲ್ಲ. 400 ಕಿ.ಮೀ. ಕೂಡ ಓಡಿರದ ಮೆಕ್‌ಲಾರೆನ್ ಎಫ್1 ಅನ್ನುವ ಅಪರೂಪದ ಸೂಪರ್‌ಕಾರು ಒಂದು 2021ರ ಹರಾಜಿನಲ್ಲಿ 2 ಕೋಟಿ ಡಾಲರ್ ದಾಟಿತು. ಆದರೆ ಅದು ಬೆರಳೆಣಿಕೆಯ ಕಾರುಗಳ ಆಟ. ಅದೇ ಎಫ್1ನ ಇನ್ನೊಂದು ಕಥೆ ನೋಡಿ. ನಟ ರೋವನ್ ಅಟ್ಕಿನ್ಸನ್ ತನ್ನದನ್ನು 60 ಸಾವಿರ ಕಿ.ಮೀ.ಗಿಂತ ಜಾಸ್ತಿ ಓಡಿಸಿದರು, ಎರಡು ಸಲ ಗುದ್ದಿದರು, ರಿಪೇರಿ ಮಾಡಿಸಿದರು. 2015ರಲ್ಲಿ ಅದು ಹೋಗಿದ್ದು ಸುಮಾರು 80 ಲಕ್ಷ ಪೌಂಡ್‌ಗೆ, ಕೊಂಡ ಬೆಲೆಯ ಹತ್ತು ಪಟ್ಟಿಗೂ ಜಾಸ್ತಿ. ಇನ್ನು ಬರೀ ಬೆಲೆ ಏರುತ್ತದೆ ಅಂತ ಕೊಂಡವರ ಪಾಡು ಏನಾಗಬಹುದು ಅಂತ 1990ರ ನಂತರ ಫೆರಾರಿ ಮಾರುಕಟ್ಟೆ ಕುಸಿದಾಗ ಎಲ್ಲರೂ ನೋಡಿದ್ದಾರೆ. ಬೆಲೆ ಬಿದ್ದಾಗ ಓಡಿಸಿದ ನೆನಪೂ ಇಲ್ಲ ಅಂದರೆ ಕೈಯಲ್ಲಿ ಏನು ಉಳಿಯಿತು?

ನನ್ನ 996 ಕೊಂಡವರು ಕಾರಿಗಿಂತ ಮೊದಲು ಫೈಲ್ ಕೇಳಿದರು. ಒಂದು ಗಂಟೆ ಕೂತು ಓದಿದರು. ಫೈಲನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಅನ್ನುವುದರಲ್ಲೂ ಒಂದು ಗುಟ್ಟಿದೆ, ಅದು ನನ್ನ ಹತ್ತಿರವೇ ಇರಲಿ. ಮತ್ತೆ ಲೀಕ್-ಡೌನ್ ಮಾಡಿಸಿದರು, ಶೇ. 5ರಿಂದ 7 ಬಂತು. ಚೌಕಾಸಿ ಮಾಡಲಿಲ್ಲ. ಹೊರಡುವಾಗ ಅವರಿಗೆ ಹೇಳಿದ್ದು, ಎಣ್ಣೆ ಬಿಸಿಯಾಗುವವರೆಗೆ 3 ಸಾವಿರ ದಾಟಿಸಬೇಡಿ ಅಂತ ಮಾತ್ರ.

ಮುಂದಿನ ಕಾರು ಆಗಲೇ ಗ್ಯಾರೇಜಿಗೆ ಬಂದಿದೆ. ಅದೇ ಮಾದರಿಯ ಇನ್ನೊಂದನ್ನೂ ಹುಡುಕುತ್ತಿದ್ದೇನೆ, ಹಾಗಾಗಿ ಹೆಸರು ಸದ್ಯಕ್ಕೆ ಬೇಡ. 1 ಲಕ್ಷ 30 ಸಾವಿರ ಕಿ.ಮೀ. ಓಡಿದೆ, ಜನ ಇನ್ನೂ ಅದನ್ನು ಬೈಯುತ್ತಿದ್ದಾರೆ, ಫೈಲ್ ನಾಲ್ಕು ಬೆರಳು ದಪ್ಪ ಇದೆ. ಈ ಭಾನುವಾರ ಬ್ರೇಕ್ ಆಯಿಲ್ ಬದಲಿಸಿ ಮೊದಲ 40 ನಿಮಿಷಕ್ಕೆ ಹೊರಡುತ್ತೇನೆ.