ಶ್ರೀರಂಗಪಟ್ಟಣದ ಕಾವೇರಿಯಲ್ಲಿ ಗಾಳ ಹಾಕುವ ಬಗೆ

ಹೊಳೆಯನ್ನು ಅರಿಯಬೇಕಾದರೆ ದಡ ಬದಲಿಸದೆ ವರ್ಷಪೂರ್ತಿ ಒಂದೇ ಜಾಗಕ್ಕೆ ಹೋಗಬೇಕು. ಶ್ರೀರಂಗಪಟ್ಟಣದ ಬಳಿ ನನಗೆ ಅಂತಹದೊಂದು ಬಂಡೆಯಿದೆ, ಅದನ್ನು ಬಿಟ್ಟು ಬೇರೆಡೆ ಕೂರಲು ಮನಸ್ಸು ಒಪ್ಪುವುದಿಲ್ಲ. ಮೊದಲ ಅರ್ಧ ಗಂಟೆ ಗಾಳವನ್ನು ಮುಟ್ಟದೆ, ರಭಸದ ನೀರು ಬಂಡೆಗೆ ಬಡಿದು ನಿಧಾನವಾಗುವ ಮಡುವಿನ ಅಂಚನ್ನು ಗುರುತಿಸಿರಿ, ಏಕೆಂದರೆ ಮೀನು ಹೆಚ್ಚು ಶ್ರಮಪಡದೆ ಹರಿದುಬರುವ ಆಹಾರಕ್ಕಾಗಿ ಕಾಯುವುದು ಅಲ್ಲಿಯೇ. ರೋಹು, ಗೆಂಡೆಗಳಿಗೆ ಗಟ್ಟಿಯಾಗಿ ನಾದಿದ ರಾಗಿ ಹಿಟ್ಟಿನ ಉಂಡೆ ಸಾಕು.

ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟರೆ ಹೊಳೆ ಬೇಗ ಏರುತ್ತದೆಯಾದ್ದರಿಂದ, ನೀರಂಚಿನ ಕಲ್ಲೊಂದನ್ನು ಗುರುತಿಟ್ಟುಕೊಂಡು, ಅದು ಮುಳುಗತೊಡಗಿದೊಡನೆ ದಡಕ್ಕೆ ಬನ್ನಿರಿ. 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ಗಾಳ ಹಾಕಲೇಬಾರದು. ಅಳಿವಿನಂಚಿನಲ್ಲಿರುವ ಕಾವೇರಿಯ ಮಹಶೀರ್ ಸಿಕ್ಕಿದರೆ ಒದ್ದೆ ಕೈಯಿಂದ ಹಿಡಿದು, ನೀರಿನೊಳಗೇ ಗಾಳ ಬಿಡಿಸಿ, ಅದು ತಾನಾಗಿ ಈಜುವವರೆಗೆ ಆಸರೆ ಕೊಡಿರಿ.