ಪೆನ್ಸಿಲ್ ಎತ್ತಿಟ್ಟು ಕತ್ತರಿ ಹಿಡಿದಾಗ

ದಸರಾ ರಜೆಯಲ್ಲಿ ಎಂಟು ವರ್ಷದ ಮಗಳಿಗೆ ಫ್ರಾನ್ಸಿನ ಕಲಾವಿದ ಆನ್ರಿ ಮಾತೀಸನ ‘ಬಸವನಹುಳು’ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. “ಇದರಲ್ಲಿ ಹುಳು ಎಲ್ಲಿದೆಯಮ್ಮಾ?” ಎಂದಳು. ಬಣ್ಣದ ತುಂಡುಗಳ ಮೇಲೆ ಬೆರಳಾಡಿಸಿ ಸುರುಳಿಯನ್ನು ತೋರಿಸಿದೆ. “ಇಷ್ಟೇ ಆದರೆ ನಾನೂ ಮಾಡುತ್ತೇನೆ” ಎಂದಳು. ನನಗೂ ಅದೇ ಬೇಕಿತ್ತು.

1941ರಲ್ಲಿ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ಮೇಲೆ ಮಾತೀಸನಿಗೆ ಹೆಚ್ಚು ಹೊತ್ತು ನಿಲ್ಲಲಾಗುತ್ತಿರಲಿಲ್ಲ. ಸಹಾಯಕಿಯರು ಬಿಳಿ ಕಾಗದಕ್ಕೆ ಗೌಷ್ ಎಂಬ, ನೀರಿನಲ್ಲಿ ಕಲಸುವ ಗಟ್ಟಿ ಬಣ್ಣ ಬಳಿದು ಕೊಡುತ್ತಿದ್ದರು. ಅವನು ಹಾಸಿಗೆಯಲ್ಲೋ ಗಾಲಿಕುರ್ಚಿಯಲ್ಲೋ ಕುಳಿತು ಅದನ್ನು ನೇರವಾಗಿ ಕತ್ತರಿಸುತ್ತಿದ್ದ. 1953ರ ‘ಬಸವನಹುಳು’ ಹುಟ್ಟಿದ್ದು ಹಾಗೆ. ಲಂಡನ್ನಿನ ಟೇಟ್ ಕಲಾಗ್ಯಾಲರಿಯ ಸಂಗ್ರಹದಲ್ಲಿರುವ ಅದರ ಉದ್ದ, ಅಗಲ ಎರಡೂ ಮೂರು ಮೀಟರಿಗೆ ತುಸು ಕಡಿಮೆ. ನಮ್ಮದು ಒಂದು ಡ್ರಾಯಿಂಗ್ ಶೀಟಿನಷ್ಟು.

ಅಂಗಡಿಯ ಬಣ್ಣದ ಕಾಗದವನ್ನು ನಾನು ತರಲಿಲ್ಲ. ಅದರಲ್ಲಿ ಕುಂಚ ಓಡಿದ ಗೆರೆಗಳಿರುವುದಿಲ್ಲ, ಎಲ್ಲ ತುಂಡೂ ನುಣ್ಣಗೆ ಸತ್ತ ಹಾಗೆ ಕಾಣುತ್ತದೆ. ಗೌಷ್‌ಗೆ ಹತ್ತಿರದ್ದೆಂದರೆ ಶಾಲೆಯ ಮಕ್ಕಳು ಬಳಸುವ ಪೋಸ್ಟರ್ ಕಲರ್. ಮೊದಲ ದಿನ ಅದನ್ನು ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ ಕೆಟ್ಟೆ. ಕಾಗದ ಕಾದ ಎಣ್ಣೆಗೆ ಬಿದ್ದ ಹಪ್ಪಳದಂತೆ ಸುರುಟಿಕೊಂಡಿತು. ಮರುದಿನ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ದಪ್ಪ ಕುಂಚದಲ್ಲಿ ಒಂದೇ ದಿಕ್ಕಿಗೆ ಬಳಿದೆವು. ಪೂರ್ತಿ ಒಣಗಿದ ಮೇಲೆ ರಾತ್ರಿಯಿಡೀ ದಪ್ಪ ಪುಸ್ತಕಗಳ ಅಡಿಯಲ್ಲಿಟ್ಟರೆ ಕಾಗದ ಸಪಾಟಾಗುತ್ತದೆ.

ಕಷ್ಟವಾದದ್ದು ಪೆನ್ಸಿಲ್ ಬಿಡಿಸುವುದು. ಗೆರೆ ಎಳೆದುಕೊಳ್ಳದೆ ಕತ್ತರಿಸು ಎಂದರೆ ಮಗಳು ಕತ್ತರಿ ಹಿಡಿದು ಸುಮ್ಮನೆ ಕುಳಿತಳು. ಕತ್ತರಿ ಹಿಡಿದ ಕೈಯನ್ನು ಆಡಿಸದೆ ಕಾಗದವನ್ನೇ ತಿರುಗಿಸಲು ಹೇಳಿದೆ. ತುದಿಯವರೆಗೆ ಕಚಕ್ಕನೆ ಮುಚ್ಚದೆ ಅರ್ಧ ತೆರೆದ ಕತ್ತರಿಯನ್ನು ಮುಂದೆ ತಳ್ಳಿದರೆ ಅಂಚು ನಯವಾಗಿ ಬರುತ್ತದೆ. ಒಂದು ಎಲೆ ಕತ್ತರಿಸಿದಳು, ಚೆನ್ನಾಗಿಯೇ ಇತ್ತು. ಆದರೆ ಎಲೆ ಹೊರಬಂದ ಮೇಲೆ ಉಳಿದ ನೀಲಿ ಕಾಗದ, ಎಲೆಯಾಕಾರದ ಕಿಂಡಿಯೊಂದಿಗೆ, ಅದಕ್ಕಿಂತ ಚೆನ್ನಾಗಿತ್ತು. ಕಸದ ಬುಟ್ಟಿಗೆ ಹೋಗುತ್ತಿದ್ದುದನ್ನು ಎತ್ತಿಕೊಂಡೆ. ಮಾತೀಸನೂ ಇಂಥ ಉಳಿಕೆಗಳನ್ನು ಬಳಸಿಕೊಂಡವನೇ.

ತುಂಡುಗಳನ್ನು ಅವನು ಗೋಡೆಗೆ ಪಿನ್ ಮಾಡಿಸಿ, ನೋಡಿ ನೋಡಿ ಜಾಗ ಬದಲಿಸುತ್ತಿದ್ದ. ನಮ್ಮ ಸಿಮೆಂಟ್ ಗೋಡೆಗೆ ಗುಂಡುಸೂಜಿ ಇಳಿಯಲಿಲ್ಲ. ಟಿ.ವಿ. ಪೆಟ್ಟಿಗೆಯಲ್ಲಿ ಬಂದಿದ್ದ ಥರ್ಮೋಕೋಲ್ ಹಲಗೆಯನ್ನು ಗೋಡೆಗೆ ಒರಗಿಸಿ, ಅದರ ಮೇಲೆ ಬಿಳಿ ಹಾಳೆ ಹೊದಿಸಿದೆ. ಕೆಂಪು ತುಂಡು ಹಸಿರಿನ ಪಕ್ಕಕ್ಕೆ ಬಂದಾಗ ಎರಡೂ ಜೋರಾದವು. ಹಳದಿಯ ಪಕ್ಕಕ್ಕೆ ಸರಿಸಿದರೆ ಅದೇ ಕೆಂಪು ತಣ್ಣಗಾಯಿತು. ಮೊದಲೇ ಅಂಟಿಸಿದ್ದರೆ ಇದು ನಮಗೆ ಕಾಣುತ್ತಲೇ ಇರಲಿಲ್ಲ.

ಅಂಟಿಗೆಂದು ಮೈದಾ ಕುದಿಸಿದ್ದೆ. ಹುಳ ಹಿಡಿಯದಿರಲೆಂದು ನನ್ನ ಅಮ್ಮ ಅದಕ್ಕೆ ಮೈಲುತುತ್ತ ಹಾಕುತ್ತಿದ್ದಳು. ಅದು ವಿಷ, ಮಕ್ಕಳ ಕೈಗೆ ಬೇಡವೆಂದು ನಾನು ಬಿಟ್ಟೆ. ಬಿಟ್ಟದ್ದರಿಂದ ನಷ್ಟವೇನೂ ಆಗಲಿಲ್ಲ, ಏಕೆಂದರೆ ಮಗಳು ಅಂಟಿಸಲು ಒಪ್ಪಲೇ ಇಲ್ಲ. ದೀಪಾವಳಿ ಕಳೆದರೂ ಹಲಗೆ ಹಜಾರದಲ್ಲೇ ಇದೆ. ನಿನ್ನೆ ಅವಳ ಅಪ್ಪ ಯಾರಿಗೂ ಹೇಳದೆ ನೇರಳೆ ತುಂಡನ್ನು ಕೆಳಗಿಳಿಸಿದ್ದಾರೆ. ಶಾಲೆಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಅದನ್ನು ಕಂಡುಹಿಡಿದಳು.