ಎರಡು ಲಕ್ಷದ ಪಿಸ್ತೂಲು ಬೇಡ ಅಂತ ನಾನು ಹೇಳಿದ್ದು ಸುಮ್ನೆ ಅಲ್ಲ

ನಮ್ಮ ಬೆಳಗಾವಿ ಹುಡುಗರ ಲೆಕ್ಕದಲ್ಲಿ 10 ಮೀಟರ್ ಏರ್ ಪಿಸ್ತೂಲ್ ಶೂಟಿಂಗಿಗೆ ಎರಡೇ ದಾರಿ. ಒಂದೋ ರೇಂಜಿನ ಪಿಸ್ತೂಲಿಗೆ ಸರದಿ ಕಾಯಬೇಕು, ಇಲ್ಲಾ ಸಾಲ ಸೋಲ ಮಾಡಿ ಮೊರಿನಿ ಅಥವಾ ಸ್ಟೈಯರ್ ಕಂಪನಿಯ ಎರಡು ಲಕ್ಷದ ಹೊಸ ಪಿಸ್ತೂಲು ತರಿಸಬೇಕು. ನಾನು ಸೆಕೆಂಡ್ ಹ್ಯಾಂಡ್ ಸ್ಟೈಯರ್ ಎಲ್‌ಪಿ2 ಕೊಂಡೆ. "ಮಂದಿ ಬಿಟ್ಟ ಸಾಮಾನು ತಗೊಂಡು ಏನ್ ಮಾಡ್ತೀರಿ ಸರ?" ಅಂತ ಅವತ್ತು ನಕ್ಕವರು ಈಗ ನನ್ನ ಪಿಸ್ತೂಲಿನ ಹಿಡಿಯ (ಗ್ರಿಪ್) ಫೋಟೋ ಕೇಳುತ್ತಿದ್ದಾರೆ. ಅದಕ್ಕೇ ಒಮ್ಮೆ ಬರೆದುಬಿಡೋಣ ಅನಿಸಿತು.

ಇದಕ್ಕೂ ಮೊದಲು ನನ್ನ ಹತ್ತಿರ ಒಂದು ಸಿಂಗಲ್ ಸ್ಟ್ರೋಕ್ ಪಿಸ್ತೂಲಿತ್ತು. ಬ್ಯಾರಲ್ ಚೊಕ್ಕ, ಟ್ರಿಗರ್ ಕೂಡ ಪರವಾಗಿಲ್ಲ. ಆದರೆ ಪ್ರತಿ ಗುಂಡಿಗೂ ಲಿವರ್ ಎಳೆದು ಗಾಳಿ ತುಂಬಬೇಕು. ಮ್ಯಾಚಿನಲ್ಲಿ 60 ಗುಂಡು, ಅದರ ಮೇಲೆ ಲೆಕ್ಕಕ್ಕಿಲ್ಲದ ಅಭ್ಯಾಸದ ಗುಂಡು, ಅಂದರೆ ಸೈಟರ್. 40 ದಾಟುವ ಹೊತ್ತಿಗೆ ಭುಜ ನಡುಗಲು ಶುರು. 600 ಕ್ಕೆ 525, 530, ಅಲ್ಲೇ ಗಿರಕಿ. ಹತ್ತು ಗುಂಡಿನ ಕೊನೆಯ ಸೀರೀಸು ಯಾವಾಗಲೂ ಮೊದಲನೆಯದಕ್ಕಿಂತ ಏಳೆಂಟು ಪಾಯಿಂಟು ಕಡಿಮೆ. ಅದನ್ನು ಕೊಂಡ ಬೆಲೆಯ ಅರ್ಧಕ್ಕೆ ಮಾರಿದೆ, ಆ ದುಡ್ಡು ಹೋಯಿತು ಅಂತಲೇ ಲೆಕ್ಕ.

ಎಲ್‌ಪಿ2 ಗೆ ಅದರ ಹಳೇ ಮಾಲೀಕರು ಹೇಳಿದ್ದು 70 ಸಾವಿರ. ನಾನು ಮೊದಲು ಬಿಚ್ಚಿ ನೋಡಿದ್ದು ಬ್ಯಾರಲ್ಲೂ ಅಲ್ಲ, ಟ್ರಿಗರೂ ಅಲ್ಲ, ಗುಂಡು ತಳ್ಳುವ ಗಾಳಿಯನ್ನು ಮೊದಲೇ ತುಂಬಿಡುವ ಸಿಲಿಂಡರ್ ಮೇಲಿನ ತಾರೀಖು. ತಯಾರಾಗಿ 10 ವರ್ಷ ದಾಟಿದ ಸಿಲಿಂಡರ್ ಮ್ಯಾಚಿನಲ್ಲಿ ನಡೆಯೋದಿಲ್ಲ. 200 ಬಾರ್ ಒತ್ತಡವನ್ನು ಕೈಯಲ್ಲಿ ಹಿಡಿದು ನಿಲ್ಲುವವರು ನಾವೇ ತಾನೆ, ಮನೆಯಲ್ಲೂ ನಡೆಸಬಾರದು. ಅದರ ತಾರೀಖು ಮುಗಿದಿತ್ತು. ಅದನ್ನೇ ಹಿಡಿದು ಚೌಕಾಸಿ ಮಾಡಿ 62 ಕ್ಕೆ ಇಳಿಸಿದೆ. ಹೊಸ ಸಿಲಿಂಡರಿಗೆ 20 ರ ಹತ್ತಿರ, ಕೈಪಂಪಿಗೆ 12. ಒಟ್ಟು ಲಕ್ಷದೊಳಗೇ ಮುಗಿಯಿತು. ಸ್ಟೈಯರಿನದೇ ಎಲ್‌ಪಿ10 ರಲ್ಲಿರುವ, ಹೊಡೆತದ ಅದುರು ತಗ್ಗಿಸುವ ಸ್ಟೆಬಿಲೈಸರ್ ಇದರಲ್ಲಿಲ್ಲ, ಹೊಡೆದಾಗ ಮೂತಿ ಸ್ವಲ್ಪ ಕುಪ್ಪಳಿಸುತ್ತದೆ. 560 ರ ಕೆಳಗೆ ಹೊಡೆಯುವವರಿಗೆ ಅದರಿಂದ ಏನೂ ಆಗೋದಿಲ್ಲ. ಬೇಕಾದರೆ ಜಗಳಕ್ಕೆ ಬನ್ನಿ.

ನಿಜವಾದ ಕೆಲಸ ಇದ್ದದ್ದು ಹಿಡಿಯಲ್ಲಿ. ಹಳೇ ಮಾಲೀಕರ ಕೈ ದೊಡ್ಡದು, ನನ್ನದು ಮೀಡಿಯಮ್ಮಿಗೂ ಚಿಕ್ಕದು. ಮೊದಲು ಮರದ ಪುಡಿ, ಅಂಟು ಕಲಸಿ ತುಂಬಿದೆ. ಬೇಸಿಗೆಯಲ್ಲಿ ಕಲ್ಲಿನಂತಿತ್ತು. ಜುಲೈನಲ್ಲಿ ನಮ್ಮೂರ ಮಳೆ ಹಿಡಿದಾಗ ಒಂದು ಪದರು ಬೆರಳಿಗೇ ಅಂಟಿಕೊಂಡು ಬಂತು. ಆಮೇಲೆ ಎಪಾಕ್ಸಿ ಪುಟ್ಟಿ ಹಾಕಿದೆ. ಎಲ್ಲಿ ತುಂಬಬೇಕು, ಎಲ್ಲಿ ಕೆರೆಯಬೇಕು ಅಂತ ತೋರಿಸಿಕೊಟ್ಟದ್ದು ನಮ್ಮೂರ ಕೈಗಾರಿಕಾ ಪ್ರದೇಶ ಉದ್ಯಮಬಾಗಿನ ಫಿಟ್ಟರ್ ಗೆಳೆಯನ ಮಾರ್ಕಿಂಗ್ ಬ್ಲೂ. ಎರಡು ಲೋಹದ ಮೈ ಎಲ್ಲಿ ತಾಗುತ್ತವೆ ಅಂತ ನೋಡಲು ಅವರು ಬಳಿಯುತ್ತಾರಲ್ಲ, ಅದೇ. ಕೈಗೊಂದು ಪ್ಲಾಸ್ಟಿಕ್ ಗ್ಲೌಸ್ ಹಾಕಿ, ಮೇಲೆ ತೆಳ್ಳಗೆ ನೀಲಿ ಬಳಿದು, ಪಿಸ್ತೂಲು ಎತ್ತಿ ಹತ್ತು ಸೆಕೆಂಡು ಗುರಿ ಹಿಡಿದು ಇಳಿಸಿದೆ. ಹೆಬ್ಬೆರಳ ಬುಡದಲ್ಲಿ ದಟ್ಟ ನೀಲಿ, ಅಂಗೈ ನಡುವೆ ಏನೂ ಇಲ್ಲ, ಕಿರುಬೆರಳ ಹತ್ತಿರ ಒಂದು ಸಾಸಿವೆ ಕಾಳಿನಷ್ಟು ಚುಕ್ಕೆ. ಅಂದರೆ ಇಡೀ ಪಿಸ್ತೂಲು ಒಂದೇ ಮೂಲೆಯ ಮೇಲೆ ನಿಂತಿತ್ತು. ನನ್ನ ಗುಂಡು ಯಾಕೆ ಸದಾ ಎಡಕ್ಕೆ ಹೋಗಿ 8 ರಲ್ಲಿ ಕೂರುತ್ತಿತ್ತು ಅಂತ ಅವತ್ತು ಗೊತ್ತಾಯಿತು. ನೀಲಿ ಇದ್ದಲ್ಲಿ ಸ್ಯಾಂಡ್ ಪೇಪರ್, ಇಲ್ಲದಲ್ಲಿ ಪುಟ್ಟಿ, ಮತ್ತೆ ಬಳಿ, ಮತ್ತೆ ನೋಡು. ತಿಂಗಳುಗಟ್ಟಲೆ ಇದೇ ಆಟ, ಖರ್ಚು 500 ರೂಪಾಯಿಯೂ ಇಲ್ಲ. ಒಂದು ಹಂತದಲ್ಲಿ ಹಿಡಿ ಎಷ್ಟು ದಪ್ಪವಾಯಿತೆಂದರೆ, ನಿಯಮದ ಪ್ರಕಾರ ಪಿಸ್ತೂಲು ಹಿಡಿಸಲೇಬೇಕಾದ 420, 200, 50 ಎಂಎಂ ಅಳತೆಯ ಡಬ್ಬಿಗೆ ಇಳಿಯಲೇ ಇಲ್ಲ. ಮನೆಯಲ್ಲೇ ಪ್ಲೈವುಡ್ಡಿನ ಡಬ್ಬಿ ಮಾಡಿಟ್ಟುಕೊಂಡಿದ್ದೆ, ಬಚಾವ್. ಮ್ಯಾಚಿನ ಸಾಮಾನು ತಪಾಸಣೆಯ, ಅಂದರೆ ಎಕ್ವಿಪ್ಮೆಂಟ್ ಕಂಟ್ರೋಲ್ ಮೇಜಿನ ಮುಂದೆ ಹಾಗೆ ಸಿಕ್ಕಿಕೊಂಡರೆ ಕತೆ ಮುಗಿದ ಹಾಗೇ. ಹೆಬ್ಬೆರಳ ತಟ್ಟೆಗೆ ಯಾವ ಇಳಿಜಾರು ಕೊಟ್ಟೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯೋದಿಲ್ಲ. ಫೋಟೋದಲ್ಲೂ ಅದು ಕಾಣದ ಹಾಗೆಯೇ ತೆಗೆದಿದ್ದೇನೆ.

ಟ್ರಿಗರಿಗೆ ತೂಕ ನೇತುಹಾಕಿ ನೋಡುತ್ತಾರೆ, ಅದು ಬಿಡದೆ 500 ಗ್ರಾಂ ಎತ್ತಲೇಬೇಕು, ನಾನು 520 ರ ಸುತ್ತ ಇಟ್ಟಿದ್ದೇನೆ. 505 ಕ್ಕೆ ಇಟ್ಟು ಶಾಣ್ಯಾತನ ಮಾಡುವವರು ತೂಕದ ಮೇಜಿನ ಹತ್ತಿರ ಬೆವರುವುದನ್ನು ನೋಡಿದ್ದೇನೆ.

ಗಾಳಿಯ ಕತೆ ಬೇರೆಯೇ. ಮಳೆಗಾಲದಲ್ಲಿ ಕೈಪಂಪು ಹೊಡೆದರೆ ಗಾಳಿಯ ಜೊತೆ ತೇವವೂ ಒಳಗೆ ಹೋಗುತ್ತದೆ, ಪ್ರತಿ ಸಲ ಡ್ರೇನ್ ತಿರುವಿ ನೀರು ಬಿಡಲೇಬೇಕು. ಅದಕ್ಕೆ ಗೆಳೆಯರೊಬ್ಬರ ಹಳೇ ಸ್ಕೂಬಾ ಸಿಲಿಂಡರ್ ಎರವಲು ತಂದು, ಚೋರ್ಲಾ ಘಾಟ್ ಇಳಿದು ಗೋವಾದಲ್ಲಿ ತುಂಬಿಸಿಕೊಂಡು ಬಂದೆ. ಮೊದಮೊದಲು ಸ್ವರ್ಗ. ಆದರೆ ಆ ದೊಡ್ಡ ಸಿಲಿಂಡರ್ 200 ಬಾರ್‌ನಿಂದ 160 ಕ್ಕೆ ಇಳಿದರೆ ಪಿಸ್ತೂಲಿನ ಸಿಲಿಂಡರಿಗೂ 160 ಕ್ಕಿಂತ ಜಾಸ್ತಿ ಬರೋದಿಲ್ಲ. ಪೆಟ್ರೋಲು, ಊಟ ಲೆಕ್ಕ ಹಾಕಿದಾಗ ಪಂಪೇ ಅಗ್ಗ ಅನಿಸಿತು. ಗಾಳಿ ಸೋರುತ್ತಿದ್ದ ಪಂಪಿನ ಓ-ರಿಂಗು ಹೈಡ್ರಾಲಿಕ್ ಸಾಮಾನಿನ ಅಂಗಡಿಯಲ್ಲಿ ಚಿಲ್ಲರೆ ದುಡ್ಡಿಗೆ ಸಿಕ್ಕಿತು, ಬೆಳಗಾವಿಯಲ್ಲಿರುವುದಕ್ಕೆ ಇಷ್ಟಾದರೂ ಲಾಭ ಬೇಡವಾ! ಅಲ್ಲೇ ಪಕ್ಕದ ವೆಲ್ಡಿಂಗ್ ಶಾಪಿನವರು "ಆಕ್ಸಿಜನ್ ತುಂಬಿ ಕೊಡ್ಲೇನ್ರಿ?" ಅಂದರು. ದಯವಿಟ್ಟು ಬೇಡ. ಎಣ್ಣೆ, ಗ್ರೀಸು ಇರುವಲ್ಲಿ ಒತ್ತಡದ ಆಕ್ಸಿಜನ್ ಹೊಕ್ಕರೆ ಸಿಡಿಯುತ್ತದೆ.

ಇನ್ನು ಪೆಲೆಟ್, ಅಂದರೆ ಏರ್ ಪಿಸ್ತೂಲಿನ ಸೀಸದ ಗುಂಡು. ಫಿಟ್ಟರ್ ಗೆಳೆಯನ ವೈಸಿನಲ್ಲಿ ರಬ್ಬರ್ ಇಟ್ಟು ಪಿಸ್ತೂಲು ಕಚ್ಚಿಸಿ 10 ಮೀಟರಿಗೆ ಹೊಡೆದು ನೋಡಿದೆ. ಆರ್‌ಡಬ್ಲ್ಯೂಎಸ್ ಆರ್10, 0.45 ಗ್ರಾಂನದು, ಐದೂ ಗುಂಡು ಹೆಚ್ಚುಕಡಿಮೆ ಒಂದೇ ತೂತು. ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್‌ನಲ್ಲಿ 4.49 ಎಂಎಂಗಿಂತ 4.50 ಎಂಎಂ ತಲೆಯದು ನನ್ನ ಬ್ಯಾರಲ್ಲಿಗೆ ಒಗ್ಗಿತು. ಅಗ್ಗದ ಪ್ರಾಕ್ಟೀಸ್ ಪೆಲೆಟ್ಟು ಸ್ವಲ್ಪ ಚದುರಿತು, ಆದರೂ ಅಂಥಾ ದೊಡ್ಡ ಅನಾಹುತವೇನಿಲ್ಲ. ಲೆಕ್ಕ ನೋಡಿ, ಗುರಿಯಲ್ಲಿ 10 ರ ವೃತ್ತದ ವ್ಯಾಸ 11.5 ಎಂಎಂ, ಗೆರೆ ಮುಟ್ಟಿದರೂ 10. ಅಂದರೆ 4.5 ಎಂಎಂ ಪೆಲೆಟ್ಟಿನ ನಡುಬಿಂದು ಕೇಂದ್ರದಿಂದ 8 ಎಂಎಂ ಒಳಗಿದ್ದರೆ ಸಾಕು. ಮ್ಯಾಚಿಗೆ ಒಳ್ಳೆಯದು, ದಿನದ ಅಭ್ಯಾಸಕ್ಕೆ ಅಗ್ಗದ್ದು ಅಂತ ಮಾಡಿಕೊಂಡ ಮೇಲೆ ಖರ್ಚು ಅರ್ಧಕ್ಕೆ ಇಳಿಯಿತು. ನಡುವೆ ಹುಚ್ಚು ಹಿಡಿದು ಒಂದು ಡಬ್ಬಿಯ 500 ಪೆಲೆಟ್ಟನ್ನೂ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ ವಿಂಗಡಿಸಿದ್ದೂ ಉಂಟು. ಕಣ್ಣು ನೋವು ಬಂತು, ಸ್ಕೋರು ಅಲ್ಲೇ ಇತ್ತು.

ಈಗ ರೇಂಜಿನಲ್ಲಿ 550 ಕ್ಕಿಂತ ಕೆಳಗೆ ಬರೋದು ಅಪರೂಪ. ಹೋದ ಸಲ ಮ್ಯಾಚಿನಲ್ಲಿ 557 ಬಂತು. ಪಕ್ಕದ ಲೇನಿನಲ್ಲಿ ಹೊಚ್ಚ ಹೊಸ ಪಿಸ್ತೂಲು ಹಿಡಿದವರು ನನಗಿಂತ ಹತ್ತು ಹನ್ನೆರಡು ಹಿಂದೆ. ಅವರ ಹೆಸರು ಬೇಡ, ರೇಂಜಿನವರಿಗೆಲ್ಲ ಗೊತ್ತೇ ಇದೆ.

ಮುಂದಿನ ಖರ್ಚು ಎರಡನೇ ಸಿಲಿಂಡರ್. ಒಂದೊಂದೇ ತರಿಸಿದರೆ ಸಾಗಾಣಿಕೆಗೇ ಜಾಸ್ತಿ ಬೀಳುತ್ತದೆ. ಬಾಗಲಕೋಟೆ, ವಿಜಯಪುರದ ಕಡೆ ಸ್ಟೈಯರ್ ಇರುವವರು ನಾಲ್ಕು ಜನ ಸೇರಿದರೆ ಒಟ್ಟಿಗೆ ಆರ್ಡರ್ ಹಾಕಬಹುದು. ಎಲ್‌ಪಿ2 ಇರುವವರು ನಿಮ್ಮ ಸಿಲಿಂಡರ್ ಮೇಲಿನ ತಾರೀಖು ನೋಡಿಕೊಂಡೇ ತಿಳಿಸಿ.